ಐಗುಪ್ತ ನೋಡದೆ ಮರಳಬೇಡ

ಬೀದರ, ೩ ನವೆಂಬರ್ ೧೯೫೬

ತಂಗಿ ಎಸ್ತೇರ,

ಈ ಪತ್ರ ನಿನ್ನ ಕೈಸೇರುವುದಿಲ್ಲವೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇವತ್ತು ಟಪಾಲು ಕಚೇರಿಗೆ ಹೋಗಿ, ಯೆರೂಸಲೇಮಿನಲ್ಲಿ ನೀವು ಇಳಿದುಕೊಂಡ ಮನೆಗೆ ತಂತಿ ಕಳಿಸಬೇಕೆಂದೆ. ಗುಮಾಸ್ತ ಗೋರಖನಾಥ ನಕ್ಕ.

"ಬೀದರ ಮೈಸೂರ ರಾಜ್ಯಕ್ಕ ಸೇರಿ ಮೂರ ದಿನ ಆತ್ರಿ ಅಕ್ಕೋರೆ. ನಮಗ ಮೈಸೂರೇ ಯಾವ ದಿಕ್ಕಿಗದ ಗೊತ್ತಿಲ್ಲ, ನೀವು ಯೆರೂಸಲೇಮ್ ಕೇಳ್ತೀರಿ." ಆಮೇಲೆ ದನಿ ತಗ್ಗಿಸಿದ. "ಆ ಕಡಿ ಎಲ್ಲಾ ಬಂದ್ ಆಗ್ಯಾದ್ರಿ. ಕೈರೋ ಮ್ಯಾಲ ಬಾಂಬ್ ಬಿದ್ದಾವಂತ ರೇಡಿಯೋದಾಗ ಹೇಳ್ಯಾರ. ನಿಮ್ಮವರು ಅಲ್ಲಿಲ್ಲಲ್ರಿ?"

"ಇಲ್ಲಪ್ಪ," ಎಂದೆ.

ಅವ್ವನೂ ಹಾಗೆಯೇ ನಂಬಿದ್ದಾಳೆ. "ನಮ್ಮ ಎಸ್ತೇರ ಮಕ್ಕಳನ್ನ ಕರಕೊಂಡು ಯೇಸಪ್ಪನ ಊರು ನೋಡ್ಲಿಕ್ಕ ಹೋಗ್ಯಾಳ, ಅಕಿಗೇನ ಅಂಜಿಕಿ," ಎಂದು ಓಣಿಗೆಲ್ಲ ಹೇಳುತ್ತಾಳೆ.

ಹೋಗುವ ದಾರಿಯಲ್ಲಿ ದಮಸ್ಕದಿಂದ ನೀನು ಬರೆದು ಕೇಳಿದ್ದೆ: ಯೆರೂಸಲೇಮ್ ನೋಡಿದ ಮೇಲೂ ನಿನ್ನ ಯಜಮಾನರಿಗೆ ಹತ್ತು ದಿನ ರಜೆ ಉಳಿಯುತ್ತದೆ, ಏನು ಮಾಡೋಣ ಎಂದು. ಕೂಸುಗಳನ್ನು ಕೊಲ್ಲಿಸುತ್ತಿದ್ದ ಹೆರೋದ ರಾಜನಿಗೆ ಅಂಜಿ ಮರಿಯಳು ಕೂಸು ಯೇಸುವನ್ನು ಬಚ್ಚಿಟ್ಟ ಐಗುಪ್ತ ಅಲ್ಲೇ ಹತ್ತಿರವಿದೆ, ಕೈರೋದ ಹಳೆಯ ಚರ್ಚಿನಲ್ಲಿ ಮಕ್ಕಳಿಂದ ಮೊಣಕಾಲೂರಿಸು, ಅದನ್ನು ನೋಡದೆ ಮರಳಬೇಡ ಎಂದು ನಾನೇ ಉತ್ತರ ಬರೆದೆ. ಆ ಸಂಗತಿ ಅವ್ವನಿಗೆ ಹೇಳಿಲ್ಲ. ನಿನ್ನಿಂದ ಮರು ಪತ್ರವೂ ಬಂದಿಲ್ಲ.

ನಾಳೆ ಭಾನುವಾರ ಸಭೆಯಲ್ಲಿ ನಿಮಗಾಗಿ ನಾನೇ ಪ್ರಾರ್ಥನೆ ಮಾಡಬೇಕೆಂದು ಪಾದ್ರಿಯವರು ಹೇಳಿಕಳಿಸಿದ್ದಾರೆ. ಎಲ್ಲರೆದುರು ಏನು ಬೇಡಿಕೊಳ್ಳಲಿ? ಚಿಕ್ಕಂದಿನಿಂದ ನೀನು ನನ್ನ ಮಾತು ಮೀರಿದವಳಲ್ಲ. ಇದೊಂದು ಸಲ ಮೀರಿರು, ತಂಗಿ.