ಅದೇ ಬೇರೆ, ಇದೇ ಬೇರೆ

ಜುಲೈ ೯, ಮಂಗಳವಾರ.

ನಾಳೆ ನನ್ನ ಗಂಡುಮಗುವಿನ ಮುಂದೊಗಲು ಕತ್ತರಿಸುತ್ತಾರೆ. ಕಾಯಿಲೆ ಏನೂ ಇಲ್ಲ. "ಸೋಂಕು ಸ್ವಲ್ಪ ಕಮ್ಮಿಯಾಗ್ಬೋದು, ಆದ್ರೆ ಮಾಡಿಸ್ಲೇಬೇಕು ಅಂತೇನಿಲ್ಲ, ನಿಮ್ಮಿಷ್ಟ" ಎಂದು ಡಾಕ್ಟರು ಕೈತೊಳೆದುಕೊಂಡರು. "ನಮ್ಮನೆ ಗಂಡಸರಿಗೆಲ್ಲ ಆಗಿದೆ, ಇವನೇನು ಆಕಾಶದಿಂದ ಇಳಿದು ಬಂದಿದಾನಾ?" ಎಂದರು ಅತ್ತೆ. "ನಂಗೂ ಮಾಡ್ಸಿದ್ರು, ನೆನಪೇ ಇಲ್ಲ" ಎಂದ ಗಂಡ.

ಹೋದ ವರ್ಷ ಮಗಳ ಕಿವಿ ಚುಚ್ಚಿಸೋಣ ಎಂದಾಗ ಇದೇ ಮನುಷ್ಯ ನನ್ನ ಮೇಲೆ ಹರಿಹಾಯ್ದಿದ್ದ: "ಅವಳ ಮೈ ಅವಳದ್ದು. ದೊಡ್ಡವಳಾದ್ಮೇಲೆ ಅವಳೇ ಹೇಳ್ಲಿ." ಆ ಮಾತನ್ನೇ ಇವತ್ತು ಅವನ ಮುಂದಿಟ್ಟೆ. "ಅದೇ ಬೇರೆ, ಇದೇ ಬೇರೆ" ಎಂದ. ಸರಿ, ನಾಳೆ ಮಗುವಿನ ಜೊತೆ ನೀನೇ ಒಳಗಿರು ಎಂದರೆ, "ಅಯ್ಯೋ, ನಂಗೆ ನೋಡಕ್ಕಾಗಲ್ಲ" ಎಂದು ಆ ಕಡೆ ತಿರುಗಿ ಮಲಗಿದ. ಈಗ ಗೊರಕೆ.

ಬೇಡ ಎಂದವಳು ನಾನು. ನಾಳೆ ಮಗುವಿನ ಕಾಲು ಅದುಮಿ ಹಿಡಿಯಬೇಕಾದವಳೂ ನಾನೇ.