ಮೇಲ್ಕೇರಿಯ ಒಲೆಗೆ ಐದು ರೊಟ್ಟಿ

ಝಹೂರಕ್ಕ,

ಹೊಲಿಗೆ ಕೆಲಸಕ್ಕೆ ಹೊರಟಿದ್ದೇನೆ. ಹರೀರಾ ಸಾರು ಉಳಿದಿದೆ, ಬಿಸಿ ಮಾಡಿ ಕುಡಿದು ಮಾತ್ರೆ ತೆಗೆದುಕೋ. ಮತ್ತೆ ಹೊದ್ದು ಮಲಗಬೇಡ.

ಐದು ರೊಟ್ಟಿ ತಟ್ಟಿ ಹಲಗೆಯ ಮೇಲೆ ಮುಚ್ಚಿಟ್ಟಿದ್ದೇನೆ. ಬೇಯಿಸಲು ಬೀದಿ ಮೂಲೆಯ ಸಾರ್ವಜನಿಕ ಒಲೆಗೆ ಬೇಡ, ಮೇಲ್ಕೇರಿಯ ಅಲ್ಲಾಲ್ ಅಜ್ಜನ ಒಲೆಗೆ ಒಯ್ಯು. ಮಾತ್ರೆಯ ಜೊತೆಗೆ ದಿನವೂ ಅರ್ಧ ಗಂಟೆ ಬಿರುಸಾಗಿ ನಡೆದರೆ ಮನಸ್ಸಿನ ಭಾರ ಇಳಿದೀತು ಎಂದು ಡಾಕ್ಟರಮ್ಮ ಹೇಳುವಾಗ ನೀನು ಗೋಡೆ ನೋಡುತ್ತಿದ್ದೆ. ನಾನು ಕೇಳಿಸಿಕೊಂಡಿದ್ದೇನೆ.

ನಮ್ಮ ಮನೆಯ ಮೂರು ಬೆರಳ ಗುರುತನ್ನು ರೊಟ್ಟಿಗಳ ಮೇಲೆ ನೀನೇ ಒತ್ತು. ಕಳೆದ ವಾರ ನಾನು ಒತ್ತಲು ಮರೆತು, ಯಾರದೋ ಸೀದ ರೊಟ್ಟಿ ಹೊತ್ತು ತಂದೆನಲ್ಲ.

ಚಿಕ್ಕವರಿದ್ದಾಗ ನೀನು ತಲೆಯ ಮೇಲೆ ಹಲಗೆ ಇಟ್ಟು, ಎರಡೂ ಕೈ ಬಿಟ್ಟು ಮೇಲ್ಕೇರಿಯ ಆ ಮೆಟ್ಟಿಲು ಹತ್ತುತ್ತಿದ್ದೆ. ನಾನು ನಿನ್ನ ಜೆಲ್ಲಾಬ ನಿಲುವಂಗಿಯ ಅಂಚು ಹಿಡಿದು ಓಡುತ್ತಿದ್ದೆ. "ಬೇಗ ಬಾರೇ ಕೋಳಿಮರಿ, ಒಲೆ ಆರಿಹೋಗತ್ತೆ!" ಎಂದು ನೀನು ನಗುತ್ತಿದ್ದೆ. ಆ ನಗು ಕೇಳಿ ವರ್ಷವಾಯಿತು.

ಅಲ್ಲಾಲ್ ಅಜ್ಜ ನಿನ್ನೆಯೂ ಕೇಳಿದ: "ನಿಮ್ಮಕ್ಕ ಎಲ್ಲೇ? ನೀನು ಹಲಗೆ ಹಿಡಿಯೋದು ನೋಡಿದ್ರೆ ರೊಟ್ಟಿಗೇ ಅಳು ಬರತ್ತೆ."

ಮಧ್ಯಾಹ್ನ ಬರುತ್ತೇನೆ. ಹಿಟ್ಟು ಹುಳಿತು ಹಲಗೆಯ ಮೇಲೇ ಇದ್ದರೆ ಬೈಯುವುದಿಲ್ಲ. ನಾಳೆ ಮತ್ತೆ ನಾದುತ್ತೇನೆ.

ರಖಿಯಾ