ಯಾಯೀರನ ಮನೆಯ ದಾರಿ

ಸಾಂಫ್ಯಾ, ಜಾಂಬಿಯಾ
ಸೋಮವಾರ

ಪಾಸ್ಟರ್ ಚಿಲೂಫ್ಯ ಅವರಿಗೆ, ಮ್ವಿಲಾಳ ತಾಯಿಯ ವಂದನೆಗಳು.

ನಿನ್ನೆ ನೀವು ಯಾಯೀರನ ಮಗಳನ್ನು ಯೇಸುಸ್ವಾಮಿ ಸಾವಿನಿಂದ ಎಬ್ಬಿಸಿದ ಕಥೆ ಹೇಳಿದಿರಿ. “ಅಪ್ಪನ ನಂಬಿಕೆ ಗಟ್ಟಿಯಾಗಿತ್ತು, ಅದಕ್ಕೇ ಮಗಳು ಎದ್ದು ಕೂತ್ಲು” ಎಂದಿರಿ. ನಮ್ಮ ಮ್ವಿಲಾಳನ್ನು ಮಣ್ಣು ಮಾಡಿ ಒಂಬತ್ತೇ ದಿನವಾಗಿತ್ತು.

ಚರ್ಚಿನಿಂದ ಬಂದ ಮೇಲೆ ನನ್ನ ಗಂಡ ಊಟ ಮುಟ್ಟಿಲ್ಲ. “ಜ್ವರದ ಮಗೂನ ಸೈಕಲ್ ಹಿಂದೆ ಕೂರಿಸ್ಕೊಂಡು ಆಸ್ಪತ್ರೆ ದಾರೀಲಿ ಪ್ರಾರ್ಥನೆ ಮಾಡ್ತಾನೇ ಇದ್ದೆ. ಏರು ಬಂದಾಗ ಉಸಿರು ಸಾಲದೆ ಪ್ರಾರ್ಥನೆ ನಿಲ್ಲಿಸ್ದೆ ಕಣೇ. ಆಗಲೇ ಹೋದ್ಲೇನೋ” ಎನ್ನುತ್ತಾರೆ.

ಬೈಬಲಿನ ಆ ಅಧ್ಯಾಯವನ್ನು ನಾನೂ ಓದಿದೆ. “ಹೆದರಬೇಡ, ನಂಬು” ಎಂದು ಹೇಳಿ ಯೇಸುಸ್ವಾಮಿ ಯಾಯೀರನನ್ನು ಒಬ್ಬನನ್ನೇ ಕಳಿಸಲಿಲ್ಲ. ಅಳುವವರು ತುಂಬಿದ್ದ ಆ ಮನೆಯವರೆಗೂ ಅವನ ಜೊತೆ ನಡೆದುಬಂದರು. ನೀವು ಮಣ್ಣಿಗೂ ಬರಲಿಲ್ಲ. ಪಟ್ಟಣದಲ್ಲಿ ಸಭೆ ಇತ್ತೆಂದು ಗೊತ್ತು, ದೂರುತ್ತಿಲ್ಲ.

ಗುರುವಾರ ಮಧ್ಯಾಹ್ನ ಮನೆಗೆ ಬನ್ನಿ. ಮಗಳನ್ನು ಎಬ್ಬಿಸಿ ಎಂದು ಕೇಳುವುದಿಲ್ಲ, ಉಪದೇಶವೂ ಬೇಡ. ಮುದ್ದೆ, ಒಣಮೀನಿನ ಸಾರು ಮಾಡಿರುತ್ತೇನೆ. ನನ್ನ ಗಂಡನ ಪಕ್ಕ ಕೂತು ಒಂದೇ ತಟ್ಟೆಯಲ್ಲಿ ಉಣ್ಣಿ. ನೀವು ಕೈ ಹಾಕಿದರೆ ಅವರೂ ಒಂದು ತುತ್ತು ಎತ್ತಿಯಾರು.

ಇತಿ,
ನಿಮ್ಮ ಸಭೆಯ ಮುಸೊಂಡಾ